ಭಟ್ಟಿಯ ಮೊದಲ ಪಾಠ ನೀರಿನದು

ಗೋವಾದಲ್ಲಿ ಮನೆ ಮಾಡಿದ ಕನ್ನಡಿಗರಿಗೆ, ಅದರಲ್ಲೂ ಫೋಂಡಾ, ಸಾಂಗೆ, ಕಾಣಕೋಣದ ಕಡೆ ಸ್ವಲ್ಪ ಅಂಗಳವೂ ನಾಲ್ಕು ಗೇರುಮರಗಳೂ ಇರುವ ಜಾಗ ಹಿಡಿದವರಿಗೆ, ಮಾರ್ಚ್ ತಿಂಗಳಲ್ಲಿ ತಪ್ಪದೆ ಬರುವ ಒಂದು ಯೋಚನೆಯಿದೆ. ಮರದ ಬುಡದಲ್ಲಿ ಹಣ್ಣು ಬಿದ್ದು ಕೊಳೆಯುತ್ತಿದೆ, ಗುಡ್ಡದಾಚೆಯ ಭಟ್ಟಿಯಿಂದ ಹುಳಿ ಬೆರೆತ ಸಿಹಿ ವಾಸನೆ ಗಾಳಿಯಲ್ಲಿ ತೇಲಿ ಬರುತ್ತಿದೆ, ಐದು ಲೀಟರು ಹಿಡಿಸುವ ತಾಮ್ರದ ಭಟ್ಟಿಪಾತ್ರೆ ಆನ್‌ಲೈನಿನಲ್ಲೇ ಸಿಗುತ್ತಿದೆ. ಹೀಗಿರುವಾಗ ಮನೆಯಲ್ಲೇ ಒಂದಿಷ್ಟು ಗೇರುಹಣ್ಣಿನ ಮದ್ಯ ಇಳಿಸಿಕೊಂಡರೆ ಏನಾಯಿತು? ವೆರ್ಣಾದ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನಗೆ ಈ ಯೋಚನೆ ಬರದೇ ಇದ್ದಿದ್ದರೆ ಆಶ್ಚರ್ಯಪಡಬೇಕಿತ್ತು. ದ್ರಾವಕಗಳನ್ನು ಗಾಜಿನ ಉಪಕರಣದಲ್ಲಿ ಭಟ್ಟಿ ಇಳಿಸುವುದು ನನಗೆ ನಿತ್ಯದ ಕೆಲಸ. ಆದರೆ ಗುಂಡಿ ಒತ್ತಿದರೆ ಕಾವು ನಿಲ್ಲುವ ಉಪಕರಣದ ಮುಂದೆ ಕೂತು ಕಲಿತದ್ದು, ಕಟ್ಟಿಗೆಯ ಉರಿಯ ಮೇಲೆ ಕೂತ ತಾಮ್ರದ ಹಂಡೆಯ ಮುಂದೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.

ಮೊದಲಿಗೆ ಕಾಯ್ದೆಯ ಮಾತನ್ನು ಮುಗಿಸಿಬಿಡುವುದು ಒಳ್ಳೆಯದು, ಏಕೆಂದರೆ ಈ ಹವ್ಯಾಸದ ಬಗ್ಗೆ ಸಿಗುವ ಇಂಗ್ಲಿಷ್ ಕೈಪಿಡಿಗಳು ಬಹುತೇಕ ಬೇರೆ ದೇಶಗಳ ಓದುಗರನ್ನು ಎದುರಿಗಿಟ್ಟುಕೊಂಡು ಬರೆದವು. ನ್ಯೂಜಿಲೆಂಡ್ 1996ರಿಂದ ತನ್ನ ಪ್ರಜೆಗಳಿಗೆ ಸ್ವಂತ ಬಳಕೆಗಾಗಿ ಮನೆಯಲ್ಲಿ ಮದ್ಯ ಭಟ್ಟಿ ಇಳಿಸಲು ಅವಕಾಶ ಕೊಟ್ಟಿದೆ. ಅಲ್ಲಿಯ ಹವ್ಯಾಸಿಗಳು ಬಹಿರಂಗವಾಗಿಯೇ ಉಪಕರಣ ಕೊಳ್ಳುತ್ತಾರೆ, ಅನುಭವ ಹಂಚಿಕೊಳ್ಳುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಗೋವಾದಲ್ಲಿ 1964ರ ಅಬಕಾರಿ ಸುಂಕ ಕಾಯ್ದೆಯ ಕೆಳಗೆ ಪರವಾನಗಿ ಪಡೆದವರು ಮಾತ್ರ ಭಟ್ಟಿ ಹೂಡಬಹುದು. ಗೇರುಹಣ್ಣಿನ ಪ್ರದೇಶಗಳನ್ನು ವಲಯಗಳಾಗಿ ವಿಂಗಡಿಸಿ ಹಂಗಾಮಿಗೆ ಹರಾಜು ಹಾಕುವ ಪದ್ಧತಿಯೂ ಇದೆ. ಗಡಿ ದಾಟಿ ಕರ್ನಾಟಕಕ್ಕೆ ಬಂದರೆ 1965ರ ಅಬಕಾರಿ ಕಾಯ್ದೆಯ ಪ್ರಕಾರ ಮದ್ಯ ತಯಾರಿಸುವ ಉದ್ದೇಶದಿಂದ ಇಂಥ ಪಾತ್ರೆಯನ್ನು ಇಟ್ಟುಕೊಳ್ಳುವುದೇ ಅಪರಾಧವಾಗುತ್ತದೆ. ಮನೆಯ ಬಳಕೆಗೆ ಮಾತ್ರ ಎಂಬ ಸಮಜಾಯಿಷಿ ಅಬಕಾರಿಯವರ ಮುಂದೆ ನಿಲ್ಲುವಂಥದ್ದಲ್ಲ. ಆದ್ದರಿಂದ ನಾನು ಹಿಡಿದ ದಾರಿ ಎರಡು ಕವಲಿನದು: ಮನೆಯ ಪಾತ್ರೆಯಲ್ಲಿ ಲಾವಂಚ, ಹೂವು, ನಿಂಬೆಹುಲ್ಲುಗಳ ಪರಿಮಳದ ನೀರು ಮಾತ್ರ; ಮದ್ಯದ ವಿಷಯದಲ್ಲಿ ತಿಳಿಯಬೇಕಾದ್ದೆಲ್ಲ ಸಾಂಗೆ ತಾಲೂಕಿನ ಪರವಾನಗಿ ಇರುವ ಭಟ್ಟಿಯೊಂದರಲ್ಲಿ, ಯಜಮಾನರ ಒಪ್ಪಿಗೆಯ ಮೇಲೆ, ಕಣ್ಣಲ್ಲಿ ನೋಡಿ ಮೂಗಿನಲ್ಲಿ ಕಲಿಯುವುದು. ಇದು ಕೈಕಟ್ಟಿ ಹಾಕಿದ ಕಲಿಕೆ ಎಂದು ಆರಂಭದಲ್ಲಿ ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ, ಹೊಸಬರು ಮೊದಲ ವರ್ಷ ಕಲಿಯಬೇಕಾದ ಎಲ್ಲವನ್ನೂ ಒಂದು ಕಂತೆ ಲಾವಂಚವೇ ಕಲಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಭಟ್ಟಿಯ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆಯೆಂದರೆ ಅದು ಮದ್ಯವನ್ನು ತಯಾರಿಸುತ್ತದೆ ಎಂಬುದು. ಭಟ್ಟಿ ಏನನ್ನೂ ತಯಾರಿಸುವುದಿಲ್ಲ, ಇದ್ದದ್ದನ್ನು ಬೇರ್ಪಡಿಸುತ್ತದೆ ಅಷ್ಟೆ. ತಯಾರಾಗುವುದೆಲ್ಲ ಅದಕ್ಕೂ ಮುಂಚೆ, ಹುದುಗುವ ಪೀಪಾಯಿಯಲ್ಲಿ. ಗೇರುಹಣ್ಣಿನ ರಸದಲ್ಲಿ ಸಕ್ಕರೆಯ ಅಂಶ ಶೇ. 10ರ ಆಸುಪಾಸಿನಲ್ಲಿರುತ್ತದೆ. ಒಂದು ಲೀಟರಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಮದ್ಯಸಾರ ಹುಟ್ಟುತ್ತದೆ ಎಂಬ ಲೆಕ್ಕ ಹಿಡಿದರೆ, ಪೂರ್ತಿ ಹುದುಗಿದ ರಸದಲ್ಲಿ ಮದ್ಯಸಾರ ಶೇ. 6ರಷ್ಟು ಇರಬಹುದು. ಅಂದರೆ ನೂರು ಲೀಟರು ರಸದೊಳಗೆ ಅಡಗಿರುವುದು ಆರು ಲೀಟರು. ಎಂಥ ನಿಪುಣನೇ ಉರಿಯ ಮುಂದೆ ಕೂತರೂ ಅದು ಏಳಾಗುವುದಿಲ್ಲ; ಕೆಟ್ಟ ಹುದುಗಿನಿಂದ ಒಳ್ಳೆಯ ಫೆಣಿ, ಅಂದರೆ ಗೋವಾದ ಗೇರುಮದ್ಯ, ಇಳಿಯುವುದೂ ಇಲ್ಲ. ಆ ಭಟ್ಟಿಯ ಯಜಮಾನರು, ಕೆಲಸದವರೆಲ್ಲ ಪಾತ್ರಾಂವ್ ಎಂದು ಕರೆಯುವ ಎಪ್ಪತ್ತು ದಾಟಿದ ಹಿರಿಯರು, ಹಂಡೆಯ ಬಳಿ ಕಳೆಯುವ ಹೊತ್ತಿಗಿಂತ ಹಣ್ಣು ಆಯುವಲ್ಲಿ ಕಳೆಯುವ ಹೊತ್ತೇ ಹೆಚ್ಚು. ಮರದಿಂದ ಕಿತ್ತ ಹಣ್ಣನ್ನು ಅವರು ಮುಟ್ಟುವುದಿಲ್ಲ, ತಾನಾಗಿ ಬಿದ್ದದ್ದೇ ಆಗಬೇಕು. ಬಿದ್ದು ಮಣ್ಣು ಹಿಡಿದು ಕಪ್ಪಾದದ್ದೂ ಬೇಡ.

ಆಯ್ದ ಹಣ್ಣಿನಿಂದ ಬೀಜ ತಿರುವಿ ತೆಗೆದು, ಹಣ್ಣನ್ನು ಕೊಳಂಬಿ ಎಂಬ ಕಲ್ಲಿನ ತೊಟ್ಟಿಗೆ ಸುರಿದು ಕಾಲಿನಲ್ಲಿ ತುಳಿಯುತ್ತಾರೆ. ಈಗ ಹಲವು ಕಡೆ ಯಂತ್ರ ಬಂದಿದೆ, ಈ ಭಟ್ಟಿಯಲ್ಲಿ ಇನ್ನೂ ಕಾಲೇ. ತುಳಿದು ಉಳಿದ ನಾರನ್ನು ಗುಡ್ಡೆ ಮಾಡಿ, ಕಾಡುಬಳ್ಳಿಯಿಂದ ಬಿಗಿದು, ಮೇಲೆ ಭಾರದ ಕಲ್ಲು ಹೇರಿ ರಾತ್ರಿಯಿಡೀ ಬಿಟ್ಟರೆ ಹನಿಹನಿಯಾಗಿ ಇಳಿಯುವ ತಿಳಿರಸವೇ ನೀರೋ. ಅದನ್ನು ಬೆಳಗ್ಗೆ ಹಾಗೆಯೇ ಕುಡಿಯುತ್ತಾರೆ. ಅದರಲ್ಲಿ ಮದ್ಯವಿಲ್ಲ, ಆದರೆ ಮಧ್ಯಾಹ್ನದ ಬಿಸಿಲಿಗೆ ಬಿಟ್ಟರೆ ಅದು ತನ್ನ ದಾರಿ ಹಿಡಿಯಲು ಶುರು ಮಾಡುತ್ತದೆ. ತುಳಿದು ಬಂದ ರಸಕ್ಕೆ ಯಾವ ಹುದುಗುಪುಡಿಯನ್ನೂ ಬೆರೆಸುವುದಿಲ್ಲ. ಹಣ್ಣಿನ ಸಿಪ್ಪೆಯ ಮೇಲೂ ಪೀಪಾಯಿಯ ಗೋಡೆಯಲ್ಲೂ ಇರುವ ಕಾಡು ಯೀಸ್ಟೇ ಸಾಕು. ಮೊದಲ ದಿನ ಮೇಲೆ ಕೆನೆಯಂಥ ನೊರೆ ಕಟ್ಟುತ್ತದೆ, ಎರಡನೆಯ ದಿನ ಕಿವಿಯಿಟ್ಟರೆ ಸಣ್ಣಗೆ ಸಿಡಿಯುವ ಸದ್ದು ಕೇಳುತ್ತದೆ, ಮೂರನೆಯ ದಿನದ ಹೊತ್ತಿಗೆ ನೊರೆ ಕುಸಿದು ರಸ ಸುಮ್ಮನಾಗುತ್ತದೆ. ಸುಮ್ಮನಾದ ಮೇಲೆ ಇನ್ನೂ ಕಾಯುವುದು ಅಪಾಯ, ಏಕೆಂದರೆ ಆಮೇಲೆ ವಿನೆಗರ್ ಮಾಡುವ ಬ್ಯಾಕ್ಟೀರಿಯಾದ ಸರದಿ. ಕಾರ್ಖಾನೆಯಲ್ಲಿ ನಾವು ಇದನ್ನೆಲ್ಲ ಪಿಎಚ್ ಮಾಪಕದಿಂದ ತಿಳಿಯುತ್ತೇವೆ. ಪಾತ್ರಾಂವ್ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು, ತಲೆಯಾಡಿಸಿ, ಹಂಡೆ ತೊಳೆಯಲು ಹೇಳುತ್ತಾರೆ.

ಇಲ್ಲಿಂದ ಮುಂದೆ ಭಟ್ಟಿಯ ಕೆಲಸ. ತತ್ತ್ವ ಯಾರಿಗೂ ಹೊಸದಲ್ಲ. ಇಡ್ಲಿ ಪಾತ್ರೆಯ ಮುಚ್ಚಳ ತೆರೆದಾಗ ಒಳಮೈಯಿಂದ ಧಾರೆಯಾಗಿ ಇಳಿಯುವ ನೀರು ಭಟ್ಟಿ ಇಳಿದ ನೀರೇ. ಆದರೆ ಎರಡು ದ್ರವಗಳು ಬೆರೆತಿರುವಾಗ ಸಂಗತಿ ಅಷ್ಟು ಸರಳವಾಗಿ ಉಳಿಯುವುದಿಲ್ಲ. ಶುದ್ಧ ಮದ್ಯಸಾರ 78 ಡಿಗ್ರಿಯಲ್ಲಿ, ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ಓದಿದವರು, 78ಕ್ಕೆ ಕಾವು ಹಿಡಿದಿಟ್ಟರೆ ಮದ್ಯಸಾರವೊಂದೇ ಎದ್ದು ಬರುತ್ತದೆ ಎಂದು ಭಾವಿಸುತ್ತಾರೆ. ಹಾಗಾಗುವುದಿಲ್ಲ. ಬೆರೆತ ದ್ರವ ಬೆರೆತೇ ಕುದಿಯುತ್ತದೆ. ಶೇ. 10ರಷ್ಟು ಮದ್ಯಸಾರವಿರುವ ದ್ರವ 90 ಡಿಗ್ರಿ ದಾಟಿದ ಮೇಲೆಯೇ ಕುದಿಗೆ ಬರುತ್ತದೆ, ಏಳುವ ಆವಿಯಲ್ಲಿ ಹೆಚ್ಚೂಕಡಿಮೆ ಅರ್ಧ ಮದ್ಯಸಾರ, ಉಳಿದದ್ದು ನೀರು. ಇಳಿಯುತ್ತ ಹೋದಂತೆ ಹಂಡೆಯೊಳಗೆ ಮದ್ಯಸಾರ ಕಡಿಮೆಯಾಗಿ ಕುದಿಯುವ ಬಿಂದು ಮೇಲೇರುತ್ತದೆ, ಬರುವುದು ತೆಳುವಾಗುತ್ತ ಹೋಗುತ್ತದೆ. ಸರಳ ಹಂಡೆಯಲ್ಲಿ ಒಂದೇ ಸಲಕ್ಕೆ ಗಡಸು ಮದ್ಯ ಇಳಿಯದಿರುವುದಕ್ಕೂ, ಇಳಿದದ್ದನ್ನು ಮತ್ತೆ ಇಳಿಸಬೇಕಾಗುವುದಕ್ಕೂ ಇದೇ ಕಾರಣ. ಗೋವಾದಲ್ಲಿ ಮೊದಲ ಇಳಿತ ಉರ್ರಾಕ್, ಶೇ. 15ರ ಆಸುಪಾಸಿನದು, ಬೇಸಗೆಯ ಮಧ್ಯಾಹ್ನ ಲಿಂಬೆ ಸೋಡಾದ ಜೊತೆ, ಸೀಳಿದ ಹಸಿಮೆಣಸು ಹಾಕಿ ಕುಡಿಯುವುದು ಇದನ್ನೇ. ಉರ್ರಾಕನ್ನು ಹುದುಗಿದ ರಸದ ಜೊತೆ ಬೆರೆಸಿ ಮತ್ತೊಮ್ಮೆ ಇಳಿಸಿದರೆ ಫೆಣಿ, ಶೇ. 42ರಿಂದ 45. ನೂರು ಲೀಟರು ರಸದ ಆರು ಲೀಟರು ಮದ್ಯಸಾರವನ್ನು ಈ ಗಡಸಿಗೆ ತಂದರೆ ಕಾಗದದ ಲೆಕ್ಕದಲ್ಲಿ ಹದಿನಾಲ್ಕು ಲೀಟರು ಫೆಣಿ ಸಿಗಬೇಕು. ನಿಜದಲ್ಲಿ ಅಷ್ಟು ಸಿಗುವುದಿಲ್ಲ.

ನನ್ನ ಪಾತ್ರೆ ಗೋವಾದ್ದಲ್ಲ, ಪುಣೆಯದು. ಕಸ್ಬಾ ಪೇಠೆಯ ತಾಂಬಟ್ ಆಳಿಯಲ್ಲಿ, ಪೇಶವೆಯರ ಕಾಲದಿಂದ ತಾಮ್ರ ಬಡಿಯುವವರ ಓಣಿಯಲ್ಲಿ, ನಾನೇ ನಿಂತು ಮಾಡಿಸಿಕೊಂಡದ್ದು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಪಾತ್ರೆಗಳ ಬಗ್ಗೆ ನನಗೆ ಎರಡು ಅನುಮಾನಗಳಿದ್ದವು. ಒಂದು, ಬೆಸುಗೆ. ಸೀಸ ಬೆರೆತ ಬೆಸುಗೆಯ ಮೇಲೆ ಬಿಸಿ ಆವಿ ಹಾಯ್ದರೆ ಸೀಸ ಕರಗಿ ಬರುತ್ತದೆ, ಅದಕ್ಕೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಇನ್ನೊಂದು, ಕೊಳವೆಯ ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್, ರಬ್ಬರಿನ ತುಣುಕುಗಳು. ನನ್ನ ಪಾತ್ರೆಯ ಕೀಲುಗಳನ್ನು ಮಡಿಚಿ ಬಡಿದು, ಅಗತ್ಯವಿದ್ದಲ್ಲಿ ಮಾತ್ರ ಸೀಸವಿಲ್ಲದ ಬೆಸುಗೆ ಹಾಕಿಸಿದ್ದಾಗಿದೆ. ಅಲ್ಲಿಯ ಕುಶಲಕರ್ಮಿ ಒಳಗೆ ಕಲಾಯಿ ಬೇಡವೇ ಎಂದು ಮತ್ತೆ ಮತ್ತೆ ಕೇಳಿದರು. ಅಡುಗೆಯ ಪಾತ್ರೆಗೆ ಕಲಾಯಿಯಿಲ್ಲದೆ ಕೊಡುವುದು ಅವರ ವೃತ್ತಿಧರ್ಮಕ್ಕೆ ಒಪ್ಪುವಂಥದ್ದಲ್ಲ. ಆದರೆ ಭಟ್ಟಿಗೆ ಬರಿಯ ತಾಮ್ರವೇ ಬೇಕು. ಹುದುಗಿದ ರಸದಲ್ಲಿ ಹುಟ್ಟುವ ಗಂಧಕದ ಸಂಯುಕ್ತಗಳು, ಕೊಳೆತ ಮೊಟ್ಟೆಯ ವಾಸನೆಗೆ ಕಾರಣವಾದವು, ಆವಿ ತಾಮ್ರವನ್ನು ಸವರಿಕೊಂಡು ಹೋಗುವಾಗ ಅದರ ಮೈಗೆ ಅಂಟಿ ಉಳಿಯುತ್ತವೆ. ಉಕ್ಕಿನ ಪಾತ್ರೆ ಈ ಕೆಲಸ ಮಾಡುವುದಿಲ್ಲ. ಹಾಗಾಗಿಯೇ ಪ್ರತಿ ಸಲ ಕೆಲಸ ಮುಗಿದ ಮೇಲೆ ಒಳಗನ್ನು ಲಿಂಬೆಹಣ್ಣು, ಉಪ್ಪು ಹಾಕಿ ಉಜ್ಜಿ, ತೊಳೆದು, ಪೂರ್ತಿ ಒಣಗಿಸಿ ಇಡಬೇಕಾಗುತ್ತದೆ. ಹಸಿರು ಕಿಲುಬು ಕಟ್ಟಿದ ಕೊಳವೆಯಿಂದ ಬಂದ ಯಾವುದನ್ನೂ ಬಾಯಿಗಿಡಬಾರದು.

ಹೊಸ ಪಾತ್ರೆಯಲ್ಲಿ ಮೊದಲು ಬರಿಯ ನೀರನ್ನು ಇಳಿಸಿ ಚೆಲ್ಲಬೇಕು. ಬಡಿಯುವಾಗ ಹಚ್ಚಿದ ಎಣ್ಣೆ, ಬೆಸುಗೆಯ ರಾಳ ಎಲ್ಲ ಅದರ ಜೊತೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಲ್ಲಿ ಆವಿ ಸೋರುತ್ತಿದೆ ಎಂಬುದು ಗೊತ್ತಾಗುವುದು ಆಗಲೇ. ಪಾತ್ರೆಯ ಕುತ್ತಿಗೆಗೂ ಮುಚ್ಚಳಕ್ಕೂ ನಡುವಿನ ಸಂದನ್ನು ನಾನು ಗೋಧಿಹಿಟ್ಟಿನ ಕಣಕದಿಂದ ಮೆತ್ತುತ್ತೇನೆ. ಕಾವು ಏರಿದಂತೆ ಅದು ರೊಟ್ಟಿಯಾಗಿ ಗಟ್ಟಿಯಾಗುತ್ತದೆ. ಸಾಂಗೆಯ ಭಟ್ಟಿಯಲ್ಲಿ ಇದಕ್ಕೆ ಹುತ್ತದ ಮಣ್ಣು ಮತ್ತು ಹಳೆಯ ಬಟ್ಟೆಯ ಪಟ್ಟಿ. ಎರಡರಲ್ಲೂ ಒಂದು ಜಾಣತನವಿದೆ: ಒಳಗಿನ ಒತ್ತಡ ಅತಿಯಾದರೆ ಮೊದಲು ಬಿಟ್ಟುಕೊಡುವುದು ಈ ಮೆತ್ತನೆಯ ಬೆಸುಗೆ, ಪಾತ್ರೆಯಲ್ಲ. ಭಟ್ಟಿ ಎಂದೂ ಪ್ರೆಶರ್ ಕುಕ್ಕರ್ ಆಗಬಾರದು, ಅದರ ಬಾಯಿ ಒಂದು ತುದಿಯಲ್ಲಿ ಸದಾ ತೆರೆದೇ ಇರಬೇಕು. ಎಲೆ, ಹೂವಿನ ಚೂರು ಎದ್ದು ಕೊಳವೆಯ ಬಾಯಿಗೆ ಸಿಕ್ಕಿಕೊಳ್ಳದಂತೆ ಪಾತ್ರೆಯನ್ನು ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬಾರದು ಎಂಬುದಕ್ಕೂ ಕಾರಣ ಇದೇ.

ಇನ್ನು ಶೀರ್ಷಿಕೆಯಲ್ಲಿ ಹೇಳಿದ ನೀರಿನ ಮಾತು. ಹೊಸಬರೆಲ್ಲರ ಗಮನ ಉರಿಯ ಮೇಲಿರುತ್ತದೆ, ತಂಪಿನ ಮೇಲಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ಕಷ್ಟವೆಲ್ಲ ತಂಪಿನ ಕಡೆಯಲ್ಲಿದೆ. ಒಂದು ಲೀಟರು ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ತರಲು ಬೇಕಾಗುವುದು ಸುಮಾರು 290 ಕಿಲೋಜೂಲ್ ಶಾಖ. ಅದೇ ನೀರನ್ನು ಪೂರ್ತಿ ಆವಿ ಮಾಡಲು 2257 ಕಿಲೋಜೂಲ್, ಅಂದರೆ ಎಂಟರಷ್ಟು. ಆವಿಯನ್ನು ಮತ್ತೆ ನೀರಾಗಿಸಬೇಕಾದರೆ ಅಷ್ಟೂ ಶಾಖವನ್ನು ಯಾರಾದರೂ ಹೊತ್ತುಕೊಂಡು ಹೋಗಬೇಕು, ಇಳಿದ ನೀರನ್ನು ಬೆಚ್ಚಗಿನ ಮಟ್ಟಕ್ಕೆ ತರುವ ಶಾಖವನ್ನೂ ಸೇರಿಸಿದರೆ ಇದು 2500 ಆಗುತ್ತದೆ. ತಂಪುಗೊಳವೆಯ ಸುತ್ತ ಹರಿಯುವ ನೀರು 30 ಡಿಗ್ರಿಯಲ್ಲಿ ಒಳಬಂದು 50ರಲ್ಲಿ ಹೊರಹೋದರೆ ಲೀಟರಿಗೆ 84 ಕಿಲೋಜೂಲ್‌ನಷ್ಟು ಹೊರಬಲ್ಲದು. ಭಾಗಿಸಿದರೆ ಒಂದು ಲೀಟರು ಇಳಿಸಲು ಮೂವತ್ತು ಲೀಟರು ತಣ್ಣೀರು ಬೇಕು. ಗೋವಾದ ಏಪ್ರಿಲ್ ಮಧ್ಯಾಹ್ನ ಛಾವಣಿಯ ಮೇಲಿನ ಕಪ್ಪು ಟ್ಯಾಂಕಿನ ನೀರು ಒಳಬರುವಾಗಲೇ ಕೈಗೆ ಬೆಚ್ಚಗಿರುತ್ತದೆ. ಆಗ ಈ ಲೆಕ್ಕ ಇನ್ನೂ ಬೆಳೆಯುತ್ತದೆ. ಮದ್ಯಸಾರದ ಆವಿಗೆ ನೀರಿನ ಆವಿಯ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಶಾಖ ಸಾಕು ಎಂಬುದು ನಿಜ, ಆದರೆ ಹಂಡೆಯಿಂದ ಏಳುವುದರಲ್ಲಿ ಅರ್ಧಕ್ಕರ್ಧ ನೀರೇ ಇರುತ್ತದೆ.

ನಮ್ಮ ಮನೆಯ ವ್ಯವಸ್ಥೆ ಹೀಗಿದೆ. ಬಾವಿಯ ಪಕ್ಕದ ನೆರಳಿನಲ್ಲಿ ಒಂದು ದೊಡ್ಡ ಡ್ರಮ್ಮು, ಅದರೊಳಗೆ ಮೀನಿನ ತೊಟ್ಟಿಗೆ ಹಾಕುವಂಥ ಸಣ್ಣ ಪಂಪು. ತಣ್ಣೀರು, ಆವಿ ಇಳಿಯುವ ಸುರುಳಿ ಕೊಳವೆಯಿರುವ ತೊಟ್ಟಿಗೆ ಕೆಳಗಿನಿಂದ ಹೋಗಿ ಮೇಲಿನಿಂದ ಹೊರಬರುತ್ತದೆ. ಈ ದಿಕ್ಕು ಮುಖ್ಯ: ಹಬೆ ಮೇಲಿನಿಂದ ಇಳಿಯುವಾಗ ಮೊದಲು ಬೆಚ್ಚಗಿನ ನೀರನ್ನೂ, ಹೊರಬೀಳುವ ಕೊನೆಯ ಗೇಣಿನಲ್ಲಿ ಅತಿ ತಂಪಾದ ನೀರನ್ನೂ ಸಂಧಿಸಬೇಕು. ಮೇಲಿನಿಂದ ನೀರು ಬಿಟ್ಟರೆ ತೊಟ್ಟಿಯೊಳಗೆ ಬಿಸಿನೀರು ಎಲ್ಲಿ ನಿಂತಿದೆ ಎಂದೇ ಗೊತ್ತಾಗುವುದಿಲ್ಲ. ಹೊರಬಂದ ಬಿಸಿನೀರನ್ನು ಸ್ನಾನದ ಹಂಡೆಗೆ ಸುರಿಯುವುದರಿಂದ ನನ್ನ ಈ ಹವ್ಯಾಸಕ್ಕೆ ಮನೆಯಲ್ಲಿ ಒಂದಿಷ್ಟು ಮರ್ಯಾದೆಯೂ ಉಳಿದಿದೆ.

ಸಾಂಗೆಯ ಭಟ್ಟಿಯಲ್ಲಿ ಇದೇ ಪಾಠವನ್ನು ಹೇಳಿದವರು ಬಾದಾಮಿ ಕಡೆಯಿಂದ ಹಂಗಾಮಿಗೆ ಬರುವ ಹಿರಿಯರೊಬ್ಬರು. ಗೇರಿನ ಹಂಗಾಮಿನಲ್ಲಿ ಉರಿಯ ಮುಂದೆ ಕೂರುವವರು ಅವರೇ. ಅಲ್ಲಿ ತಾಮ್ರದ ಹಂಡೆ ಕೆಂಪುಕಲ್ಲಿನ ಒಲೆಯ ಮೇಲಿದೆ. ಹಳೆಯ ಭಟ್ಟಿಗಳಲ್ಲಿ ಅದರ ಕೊಳವೆ ಲಾವ್ಣಿ ಎಂಬ ಎರಡನೆಯ ಗಡಿಗೆಗೆ ಸೇರುತ್ತಿತ್ತು, ಅದರ ಮೇಲೆ ಒಬ್ಬರು ಕೂತು ತಣ್ಣೀರು ಹೊಯ್ಯುತ್ತಲೇ ಇರಬೇಕಿತ್ತು. ಈಗ ಬಹುಮಟ್ಟಿಗೆ ಸುರುಳಿ ಕೊಳವೆಯನ್ನು ನೀರಿನ ಟಾಕಿಯಲ್ಲಿ ಮುಳುಗಿಸಿರುತ್ತಾರೆ. ಬಾದಾಮಿಯ ಆ ಹಿರಿಯರು ಉರಿಯನ್ನು ನೋಡುತ್ತಿರಲಿಲ್ಲ, ನಡುನಡುವೆ ಎದ್ದು ಟಾಕಿಯ ನೀರಿಗೆ ಅಂಗೈ ಇಡುತ್ತಿದ್ದರು. ಕಟ್ಟಿಗೆ ಇನ್ನೊಂದು ಕೊಡಲೇ ಯಜಮಾನ್ರೇ ಎಂದು ನಾನು ಕೇಳಿದ್ದಕ್ಕೆ ಅವರೆಂದರು: “ಬ್ಯಾಡ್ರಿ ಸರ. ಉರಿ ಹಾಕೋದು ಯಾರಿಗೂ ಬರತೈತಿ. ಟಾಕಿ ನೀರ ಕೈಗೆ ಸುಡಾಕ ಹತ್ತೈತಿ ನೋಡ್ರಿ, ಈಗ ಉರಿ ಎಳೀಬೇಕು. ಇಲ್ಲಾಂದ್ರ ಮಾಲು ಹಬಿ ಆಗಿ ಮ್ಯಾಲ ಹೊಕ್ಕೈತಿ, ಪಾತ್ರಾಂವ್ ನನ್ನ ಬೈತಾರ.” ಒಂದು ಉರಿಯುವ ಕೊರಡನ್ನು ಹೊರಗೆಳೆದು ಬೂದಿಯಲ್ಲಿ ಹೊರಳಿಸಿದರು. ಸ್ವಲ್ಪ ಹೊತ್ತಿಗೆ ಕೊಳವೆಯ ಬಾಯಿಯಲ್ಲಿ ಬಿಟ್ಟು ಬಿಟ್ಟು ಉಗುಳುತ್ತಿದ್ದ ಧಾರೆ ಪೆನ್ಸಿಲಿನ ದಪ್ಪಕ್ಕೆ ಬಂದು ಸಮವಾಯಿತು.

ಹಬೆಯಾಗಿ ಹೋಗುವುದು ನಷ್ಟ ಮಾತ್ರವಲ್ಲ. ಮದ್ಯಸಾರದ ಆವಿ ಗಾಳಿಯಲ್ಲಿ ಶೇ. 3.3ರಷ್ಟು ಬೆರೆತರೂ ಕಿಡಿಗೆ ಹೊತ್ತಿಕೊಳ್ಳುತ್ತದೆ, ಮತ್ತು ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಹರಿದು ಒಲೆಯನ್ನು ಹುಡುಕಿಕೊಂಡು ಹೋಗುತ್ತದೆ. ಪರವಾನಗಿಯ ಭಟ್ಟಿಗಳು ನಾಲ್ಕೂ ಕಡೆ ತೆರೆದ ಮಾಡಿನ ಕೆಳಗೆ ಇರುವುದೂ, ಮದ್ಯ ತುಂಬುವ ಪಾತ್ರೆಯನ್ನು ಒಲೆಯಿಂದ ದೂರ, ಗೋಡೆಯಾಚೆ ಇಡುವುದೂ ಸುಮ್ಮನೆ ನಡೆದುಬಂದ ಪದ್ಧತಿಯಲ್ಲ. ಮುಚ್ಚಿದ ಅಡುಗೆಮನೆಯಲ್ಲಿ, ಗ್ಯಾಸ್ ಒಲೆಯ ಪಕ್ಕದಲ್ಲಿ ಬಾಟಲಿ ಇಟ್ಟುಕೊಂಡು ಇದನ್ನು ಮಾಡಿ ತೋರಿಸುವ ವಿಡಿಯೋಗಳನ್ನು ನೋಡಿದಾಗ, ಕಾಯ್ದೆಯ ಮಾತು ಒತ್ತಟ್ಟಿಗಿರಲಿ, ನನ್ನೊಳಗಿನ ಪ್ರಯೋಗಾಲಯದ ಮನುಷ್ಯ ಎದ್ದು ನಿಲ್ಲುತ್ತಾನೆ.

ವಿಷದ ಪ್ರಶ್ನೆಯನ್ನೂ ಇಲ್ಲಿಯೇ ನೇರವಾಗಿ ಎತ್ತಬೇಕು. ಕನ್ನಡದಲ್ಲಿ ಭಟ್ಟಿ ಎಂದೊಡನೆ ಕಳ್ಳಭಟ್ಟಿ ನೆನಪಾಗುತ್ತದೆ, ಅದರ ಹಿಂದೆಯೇ ಸಾವಿನ ಸುದ್ದಿಗಳು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರರಷ್ಟು ಜನ, 2015ರಲ್ಲಿ ಮುಂಬಯಿಯ ಮಾಲವಣಿಯಲ್ಲಿ ನೂರಕ್ಕೂ ಹೆಚ್ಚು ಜನ ವಿಷಮದ್ಯಕ್ಕೆ ಬಲಿಯಾದರು. ಇಂಥ ದುರಂತಗಳಲ್ಲಿ ಕೊಲ್ಲುವುದು ಸಾಮಾನ್ಯವಾಗಿ ಕೈಗಾರಿಕೆಗೆಂದು ತಯಾರಾದ ಮೆಥನಾಲ್, ಗಡಸು ಹೆಚ್ಚಿಸಲೆಂದೋ ಅಗ್ಗವೆಂದೋ ಬೆರೆಸಿದ್ದು. ಹಣ್ಣು ಹುದುಗುವಾಗ ಅದರ ಪೆಕ್ಟಿನ್ ಎಂಬ ಅಂಟು ಅಂಶದಿಂದ ಹುಟ್ಟುವ ಮೆಥನಾಲ್ ಬಹಳ ಸ್ವಲ್ಪ. ಆದರೆ ಹವ್ಯಾಸಿಗಳ ನಡುವೆ ಒಂದು ಅಪಾಯಕಾರಿ ನಂಬಿಕೆ ಓಡಾಡುತ್ತದೆ: ಮೆಥನಾಲ್ 65 ಡಿಗ್ರಿಯಲ್ಲೇ ಕುದಿಯುವುದರಿಂದ ಅದು ಮೊದಲೇ ಬಂದುಬಿಡುತ್ತದೆ, ಮೊದಲ ಸ್ವಲ್ಪವನ್ನು ಚೆಲ್ಲಿದರೆ ಉಳಿದದ್ದು ನಿರ್ಮಲ ಎಂಬುದು. ನೀರು, ಮದ್ಯಸಾರಗಳ ಜೊತೆ ಬೆರೆತ ಮೆಥನಾಲ್ ಹಾಗೆ ಶಿಸ್ತಾಗಿ ಮೊದಲು ಹೊರಡುವುದಿಲ್ಲ, ಇಳಿತದ ಉದ್ದಕ್ಕೂ ಹಂಚಿಕೊಂಡು ಬರುತ್ತದೆ. ಆದ್ದರಿಂದ ಮೆಥನಾಲ್ ಬೆರೆತ ದ್ರವವನ್ನು ಸರಳ ಹಂಡೆಯಲ್ಲಿ ಇಳಿಸಿ ಶುದ್ಧ ಮಾಡುತ್ತೇನೆ ಎಂಬುದು ಆಗದ ಮಾತು. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ಮೊದಲು ಕಣ್ಣಿನ ನರವನ್ನು ಹಿಡಿಯುತ್ತದೆ. ಕುಡಿದ ಮರುದಿನ ದೃಷ್ಟಿ ಮಂಜಾದರೆ ಅದು ಅಮಲಲ್ಲ, ಆಸ್ಪತ್ರೆಗೆ ಓಡಬೇಕಾದ ಹೊತ್ತು.

ಹಾಗಿದ್ದರೆ ಮೊದಲ ಭಾಗವನ್ನು ಚೆಲ್ಲುವುದೇಕೆ? ಅಸಿಟಾಲ್ಡಿಹೈಡ್, ಈಥೈಲ್ ಅಸಿಟೇಟ್‌ಗಳಂಥವು ಅಲ್ಲಿ ದಟ್ಟವಾಗಿರುತ್ತವೆ. ಎರಡನೆಯದರ ವಾಸನೆ ನೇಲ್ ಪಾಲಿಶ್ ತೆಗೆಯುವ ದ್ರವವನ್ನು ಮೂಸಿದವರಿಗೆಲ್ಲ ಗೊತ್ತು. ಕೊನೆಯ ಭಾಗದಲ್ಲಿ ಭಾರದ ಮದ್ಯಸಾರಗಳು, ಒದ್ದೆ ರಟ್ಟಿನಂಥ ವಾಸನೆ. ನಡುವಿನದನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದೇ ಇಡೀ ವಿದ್ಯೆ. ಪಾತ್ರಾಂವ್ ಬಳಿ ಗ್ರಾವ್, ಅಂದರೆ ಮದ್ಯದ ಗಡಸಿನ ಹಳೆಯ ಮಾನ, ಅಳೆಯುವ ಗಾಜಿನ ತೇಲುಕಡ್ಡಿಯಿದೆ. ಹದಿನೈದರ ಆಸುಪಾಸು ಉರ್ರಾಕ್, ಹತ್ತೊಂಬತ್ತು ಇಪ್ಪತ್ತಕ್ಕೆ ಫೆಣಿ ಎಂಬುದು ಪೋರ್ಚುಗೀಸರ ಕಾಲದಿಂದ ಬಂದ ಆ ಅಳತೆಯ ಲೆಕ್ಕ. ನಮ್ಮ ಬಾಟಲಿಗಳ ಮೇಲೆ ಅಚ್ಚಾಗುವ ಶೇ. 42.8ಕ್ಕೂ ಬ್ರಿಟಿಷರು ಬಿಟ್ಟುಹೋದ 75 ಡಿಗ್ರಿ ಪ್ರೂಫ್ ಎಂಬ ಗಡಸಿನ ಅಳತೆಗೂ ಇರುವ ನಂಟು ಇಂಥದ್ದೇ. ಆದರೂ ಪಾತ್ರಾಂವ್ ಮೊದಲು ಮಾಡುವುದು ಇಳಿಯುತ್ತಿರುವುದನ್ನು ಒಂದು ಲೋಟಕ್ಕೆ ಎತ್ತರದಿಂದ ಹೊಯ್ದು, ಏಳುವ ಗುಳ್ಳೆಗಳು ಎಷ್ಟು ಹೊತ್ತು ನಿಲ್ಲುತ್ತವೆ ಎಂದು ನೋಡುವುದು. ಆಮೇಲೆ ಅಂಗೈಗೆ ಎರಡು ಹನಿ ಹಾಕಿ ಉಜ್ಜಿ, ಮದ್ಯಸಾರ ಹಾರಿಹೋದ ಮೇಲೆ ಉಳಿಯುವುದನ್ನು ಮೂಸುವುದು. ಅವರು ಉಜ್ಜಿ ಚಾಚಿದ ಅಂಗೈಯಲ್ಲಿ ಒಮ್ಮೆ ಮಾಗಿದ ಗೇರುಹಣ್ಣು ಮಾತ್ರ ಸ್ವಚ್ಛವಾಗಿ ಉಳಿದಿತ್ತು, ಇನ್ನೊಮ್ಮೆ ಅದರ ಹಿಂದೆ ಸುಟ್ಟ ನಾರಿನ ಕಮಟು ಇತ್ತು. ಎರಡನೆಯದನ್ನು ಅವರು ಮುಂದಿನ ಹಂಡೆಗೆ ಹಿಂತಿರುಗಿಸಿದರು. ತೇಲುಕಡ್ಡಿ ಎರಡಕ್ಕೂ ಒಂದೇ ಅಂಕಿ ತೋರಿಸಿತ್ತು.

ಈ ಮೂಗಿನ ಪಾಠವನ್ನು ಮನೆಯಲ್ಲಿ ಲಾವಂಚ ಕಲಿಸುತ್ತದೆ. ಒಣ ಬೇರನ್ನು ಬೆರಳುದ್ದಕ್ಕೆ ಕತ್ತರಿಸಿ, ರಾತ್ರಿಯಿಡೀ ನೆನೆಸಿ, ಪಾತ್ರೆಯ ತಳಕ್ಕೆ ತಾಗದಂತೆ ಒಂದು ತೂತಿನ ತಟ್ಟೆಯ ಮೇಲೆ ಹಾಕಿ, ನೆನೆಸಿದ ನೀರನ್ನೂ ಸುರಿದು ಸಣ್ಣ ಉರಿಯಲ್ಲಿ ಇಡುತ್ತೇನೆ. ಮೊದಲು ಬರುವ ನೀರಿಗೆ ಹಸಿ ಮಣ್ಣಿನ, ಸ್ವಲ್ಪ ಬೇಯಿಸಿದ ಆಲೂಗಡ್ಡೆಯ ವಾಸನೆ. ಅದು ನಿಜಕ್ಕೂ ಚೆನ್ನಾಗಿರುವುದಿಲ್ಲ. ಆಮೇಲೆ ನಿಧಾನವಾಗಿ ಬೇರಿನ ತಂಪು, ಹೊಗೆಯಾಡಿದಂಥ ಆಳದ ವಾಸನೆ ಬರುತ್ತದೆ. ಬೇರು ಆವಿಯಲ್ಲಿ ನೆಂದಷ್ಟೂ ಅದು ದಟ್ಟವಾಗುತ್ತದೆ. ಅವಸರ ಮಾಡಿದರೆ ಮೊದಲಿನ ಆಲೂಗಡ್ಡೆಯೇ ಬಾಟಲಿ ತುಂಬುತ್ತದೆ. ಬೇರೆ ಬೇರೆ ಸಣ್ಣ ಶೀಸೆಗಳಲ್ಲಿ ಸಾಲಾಗಿ ಹಿಡಿದು, ಮರುದಿನ ತಣ್ಣಗಾದ ಮೇಲೆ ಒಂದೊಂದಾಗಿ ಮೂಸಿ, ಯಾವುದನ್ನು ಇಟ್ಟುಕೊಳ್ಳುವುದು ಎಂದು ತೀರ್ಮಾನಿಸುವುದು ಒಳ್ಳೆಯ ಅಭ್ಯಾಸ, ಏಕೆಂದರೆ ಬಿಸಿಯಿರುವಾಗ ಮೂಗು ಮೋಸಹೋಗುತ್ತದೆ. ಲಾವಂಚದ ಎಣ್ಣೆಯ ಆಸೆ ಮಾತ್ರ ಬೇಡ. ಅದು ಹೊರಬರಲು ದೀರ್ಘ ಕಾಲ ಬೇಕು. ಅದರ ಸಾಂದ್ರತೆ ಹೆಚ್ಚೂಕಡಿಮೆ ನೀರಿನಷ್ಟೇ ಆದ್ದರಿಂದ ಬೇಗ ಬೇರ್ಪಡುವುದೂ ಇಲ್ಲ. ಐದು ಲೀಟರಿನ ಪಾತ್ರೆಯಲ್ಲಿ ಕಾಣುವುದು ಮೇಲ್ಮೈಯ ಮೇಲೆ ಮಿನುಗುವ ಒಂದು ತೆಳು ಪೊರೆ ಮಾತ್ರ. ಮೊದಲ ಮಹಾಯುದ್ಧ ಜರ್ಮನಿಗೆ ಗಂಧದ ರಫ್ತನ್ನು ನಿಲ್ಲಿಸಿದಾಗ ಮೈಸೂರು ಸಂಸ್ಥಾನ 1916ರಲ್ಲಿ ಬೆಂಗಳೂರಿನಲ್ಲೂ ಮರುವರ್ಷ ಮೈಸೂರಿನಲ್ಲೂ ಗಂಧದೆಣ್ಣೆ ಇಳಿಸಲು ಆರಂಭಿಸಿತು. ಆ ಪ್ರಮಾಣದ ಹಬೆಯ ಹಂಡೆಗಳ ಕೆಲಸವೇ ಬೇರೆ.

ಕಾರವಾರದ ಕಡೆಗೆ ಹೋಗುವಾಗ ಗೋವಾದ ಗಡಿಯ ಪೋಳೆ ದಾಟಿ ಕರ್ನಾಟಕದ ಮಾಜಾಳಿಗೆ ಬಂದರೆ ಮರಗಳು ಅವೇ, ಹಣ್ಣು ಅದೇ, ತಿಂಗಳೂ ಅದೇ. ಗೋವಾದ ಗೇರು ಫೆಣಿಗೆ 2009ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು, 2016ರಲ್ಲಿ ಗೋವಾ ಸರಕಾರ ಅದನ್ನು ಪಾರಂಪರಿಕ ಪೇಯವೆಂದು ಘೋಷಿಸಿತು. ಕರ್ನಾಟಕದಲ್ಲಿ 2007ರ ಜುಲೈಯಿಂದ ಸಾರಾಯಿ ನಿಷೇಧವಾಗಿದೆ, ಅದಕ್ಕೆ ಹಳ್ಳಿಯ ಹೆಂಗಸರು ಕೊಟ್ಟ ಕಾರಣಗಳು ಬಲವಾದವೇ. ಅದನ್ನು ಪ್ರಶ್ನಿಸುವ ಉದ್ದೇಶ ನನಗಿಲ್ಲ. ಆದರೆ ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಗುಡ್ಡಗಳಲ್ಲಿ ಬೀಜ ತಿರುವಿಕೊಂಡು ಎಸೆದ ಹಣ್ಣಿನ ರಾಶಿಗಳನ್ನು ಕಂಡಾಗ, ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ಅಷ್ಟು ವರ್ಷಗಳಿಂದ ಗೇರುಹಣ್ಣಿನ ಬಳಕೆಯ ಬಗ್ಗೆ ಹೇಳುತ್ತ ಬಂದದ್ದು ಇನ್ನೂ ರೈತರ ಅಂಗಳಕ್ಕೆ ಬಂದಿಲ್ಲವಲ್ಲ ಎನ್ನಿಸುತ್ತದೆ. ಪಾನಕ, ಜಾಮ್, ವಿನೆಗರ್ ಯಾವುದಕ್ಕೂ ಅಬಕಾರಿಯವರ ಅಡ್ಡಿಯಿಲ್ಲ.

ಈ ಹಂಗಾಮಿನಲ್ಲಿ ನಾನು ಸುರಂಗಿ ಹೂವಿಗೆ ಕೈ ಹಾಕಿದ್ದೇನೆ. ಗೋವಾದಲ್ಲೂ ನಮ್ಮ ಅಂಕೋಲೆಯ ಕಡೆಯೂ ಬೇಸಗೆಯ ಮೊದಲಲ್ಲಿ ಹೆಂಗಸರು ದಂಡೆ ಕಟ್ಟಿ ಮಾರುವ ಇದು ಒಣಗಿದ ಮೇಲೂ ಪರಿಮಳ ಬಿಡುವ ಹೂವು, ಹಾಗಾಗಿ ಕುದಿಯನ್ನು ತಾಳಿಕೊಳ್ಳುತ್ತದೆ ಎಂದು ಭಾವಿಸುವುದು ಸಹಜ. ತಾಳಿಕೊಳ್ಳುವುದಿಲ್ಲ, ನೀರಿನಲ್ಲಿ ಮುಳುಗಿಸಿ ಕುದಿಸಿದರೆ ಬೆಂದ ಸೊಪ್ಪಿನ ವಾಸನೆಯೇ ಮುಂದಾಗುತ್ತದೆ. ಹೂವನ್ನು ನೀರಿಗೆ ತಾಗದಂತೆ ಮೇಲಿನ ಜಾಲರಿಯಲ್ಲಿಟ್ಟು ಬರಿಯ ಹಬೆ ಹಾಯಿಸಿದರೆ ಸ್ವಲ್ಪ ಸುಧಾರಿಸುತ್ತದೆ, ಮತ್ತು ಮೊದಲ ಅರ್ಧ ಲೀಟರಿಗೇ ನಿಲ್ಲಿಸಬೇಕಾಗುತ್ತದೆ. ಇಂಥ ಹೂನೀರಿನಲ್ಲಿ ಮದ್ಯಸಾರವಿಲ್ಲದ್ದರಿಂದ ಕೆಡದಂತೆ ಕಾಯುವವರು ಯಾರೂ ಇಲ್ಲ. ಕುದಿಸಿ ಒಣಗಿಸಿದ ಕಂದು ಬಣ್ಣದ ಗಾಜಿನ ಶೀಸೆಯಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟು, ಬೇಗ ಬಳಸಿ ಮುಗಿಸಬೇಕು. ಬಿಳಿಯ ಎಳೆ ಎಳೆಯಾಗಿ ಏನಾದರೂ ತೇಲಲು ಶುರುವಾದರೆ ಅದು ಬೂಷ್ಟು; ಸೋಸಿ ಉಳಿಸಿಕೊಳ್ಳಲು ಹೋಗದೆ ಗಿಡಕ್ಕೆ ಸುರಿಯಬೇಕು.